ಭೂತಗನ್ನಡಿ ಅಕ್ಕನ ಕೊಟೇಶನ್

ಅವಳನ್ನು ಎದುರಿಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನು ತಿರುಗಿಸಿದರೆ ಭೂತಗನ್ನಡಿ. ವರ್ಕ್‌ಶಾಪುಗಳ ಆ ಬೀದಿಯಲ್ಲಿ ಈ ಹೆಸರು ಗೊತ್ತಿಲ್ಲದವರೇ ಇರಲಿಲ್ಲ. ಅವಳಿಗೂ ಗೊತ್ತಿತ್ತು. ಇಟ್ಟವರು ಯಾರೆಂಬ ಅನುಮಾನವೂ ಇತ್ತು, ಅದೂ ಒಬ್ಬರ ಮೇಲಲ್ಲ, ಐದಾರು ಜನರ ಮೇಲೆ.

ಅನುಮಾನ ಅವಳಿಗೆ ಊಟದ ಜೊತೆಗಿನ ಉಪ್ಪಿನಂತೆ, ಅದಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ತರಕಾರಿಯವನು ತಕ್ಕಡಿ ಎತ್ತಿದರೆ ಅವಳ ಕಣ್ಣು ಅವನ ಕಿರುಬೆರಳಿನ ಮೇಲೆ. ಉಕ್ಕಿನ ಸರಳುಗಳು ಬಂದರೆ ಲಾರಿಯವನ ಎದುರಿಗೇ ಎರಡೂ ತುದಿ ಅಳೆಯುತ್ತಿದ್ದಳು, ಆಮೇಲೆ ನಡುವನ್ನೂ ಅಳೆಯುತ್ತಿದ್ದಳು. "ತುದಿ ಒಂದು ದಪ್ಪ, ನಡು ಒಂದು ದಪ್ಪ ಇರೋಕೆ ಇದೇನು ಲಟ್ಟಣಿಗೆನಾ ಅಕ್ಕ?" ಎಂದು ಲಾರಿಯವನು ಒಮ್ಮೆ ಕೇಳಿದ್ದ. ಅವತ್ತಿನಿಂದ ಅವಳು ನಡುವನ್ನು ಎರಡು ಕಡೆ ಅಳೆಯತೊಡಗಿದಳು.

ಮದುವೆಯ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೇಳುತ್ತೀರಿ. ವಯಸ್ಸಿನಲ್ಲಿ ನಾಲ್ಕಾರು ಗಂಡುಗಳು ಬಂದು ನೋಡಿಕೊಂಡು ಹೋಗಿದ್ದವು. ನೋಡಿಕೊಂಡು ಹೋಗಿದ್ದವು ಅನ್ನುವುದಕ್ಕಿಂತ ಇವಳೇ ಒಬ್ಬೊಬ್ಬನನ್ನೂ ಕೂದಲೆಳೆ ದಪ್ಪ ಅಳೆಯುವ ಮೈಕ್ರೋಮೀಟರಿನ ದವಡೆಗೆ ಕೊಟ್ಟು ಕಳಿಸಿದಳು ಅನ್ನಬೇಕು. ಒಬ್ಬ ಹೇಳಿದ ಕೆಲಸಕ್ಕೂ ಹಾಕಿದ್ದ ಚಪ್ಪಲಿಗೂ ತಾಳೆಯಾಗಲಿಲ್ಲ. ಇನ್ನೊಬ್ಬ ಅತಿಯಾಗಿ ನಕ್ಕ. ಮತ್ತೊಬ್ಬನಲ್ಲಿ ಎಷ್ಟು ಹುಡುಕಿದರೂ ಒಂದು ಕುಂದೂ ಸಿಗಲಿಲ್ಲ, ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಅನುಮಾನ ಬಂತು. ಅಂತೂ ಮದುವೆ ಆಗಲಿಲ್ಲ. ಅದಕ್ಕಾಗಿ ಅವಳು ಕಣ್ಣೀರು ಹಾಕಿದವಳೂ ಅಲ್ಲ. ಅವಳಿಗೆ ತಮ್ಮನಿದ್ದ.

ಅಮ್ಮ ಹೋದಾಗ ಅವನಿನ್ನೂ ಎರಡೂ ಚಪ್ಪಲಿಯನ್ನು ಅದಲು ಬದಲು ಹಾಕಿಕೊಳ್ಳುವ ವಯಸ್ಸಿನವನು. ತಲೆ ಬಾಚಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಶಾಲೆಯಲ್ಲಿ ಪೆಟ್ಟು ತಿಂದು ಬಂದಾಗ ಹೋಗಿ ಮೇಷ್ಟರ ಹತ್ತಿರ ಜಗಳ ಕಾಯ್ದದ್ದು ಎಲ್ಲ ಅಕ್ಕನೇ. ಅಪ್ಪನ ವರ್ಕ್‌ಶಾಪಿನಲ್ಲಿ ಕೈ ಒರೆಸುವ ಹತ್ತಿಯ ಮೂಟೆಯ ಮೇಲೆ ಮಲಗಿ, ಲೇತ್ ಮಿಶನ್ನಿನ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದ ಹುಡುಗ ದೊಡ್ಡವನಾದ ಮೇಲೆ ಅದೇ ಲೇತಿನ ಮುಂದೆ ನಿಂತ. ಅಪ್ಪ ಕಣ್ಣು ಮುಚ್ಚಿದ ಮೇಲೆ ಇಬ್ಬರೂ ಮಾತಿಲ್ಲದೆ ಕೆಲಸ ಹಂಚಿಕೊಂಡರು. ಅಕ್ಕನಿಗೆ ಮೇಜು, ತಮ್ಮನಿಗೆ ಮಿಶನ್ನು. ಸಂಬಳ ಅಂತ ಅವನು ಯಾವತ್ತೂ ಕೇಳಲಿಲ್ಲ, ಇವಳು ಯಾವತ್ತೂ ಕೊಡಲಿಲ್ಲ. ಡ್ರಾಯರ್ ಒಂದೇ, ಬೇಕಾದಾಗ ತೆಗೆದುಕೊಳ್ಳುತ್ತಿದ್ದರು. ಅವನಿಗೆ ಮದುವೆಯಾಗಿ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದಾಗಲೂ, ಮಗಳು ಹುಟ್ಟಿದಾಗಲೂ ಈ ಪದ್ಧತಿ ಬದಲಾಗಲಿಲ್ಲ.

ಇನ್ನು ಈ ಅನುಮಾನ ಎಲ್ಲಿಂದ ಬಂತು ಅನ್ನುವುದು. ಹುಟ್ಟುತ್ತಲೇ ಯಾರೂ ಭೂತಗನ್ನಡಿ ಹಿಡಿದುಕೊಂಡು ಬರುವುದಿಲ್ಲ. ಅವಳ ಅಪ್ಪ ಕೈಕೆಲಸದಲ್ಲಿ ಎತ್ತಿದ ಕೈ, ಲೆಕ್ಕದಲ್ಲಿ ಮಾತ್ರ ಧರ್ಮಛತ್ರ. ಯಾರಾದರೂ ಡ್ರಾಯಿಂಗ್ ತಂದು ಇದನ್ನು ಮಾಡಿಕೊಡೋಕೆ ಎಷ್ಟಾಗುತ್ತೆ ಎಂದರೆ, ಲೋಹಕ್ಕೆ ಇಷ್ಟು, ಮಿಶನ್ ಓಡುವುದಕ್ಕೆ ಇಷ್ಟು, ನಮ್ಮ ಬೆವರಿಗೆ ಇಷ್ಟು ಎಂದು ಬಾಯಲ್ಲೇ ಹೇಳಿ ಮುಗಿಸುತ್ತಿದ್ದ. ಟೂಲಿನ ಖರ್ಚು? "ಟೂಲ್ ನಮ್ಮದೇ ಅಲ್ವಾ, ಅದಕ್ಕೇನು ಕೇಳೋದು" ಅನ್ನುತ್ತಿದ್ದ. ಹೀಗಿರುವಾಗ ಒಂದು ಗಟ್ಟಿ ಉಕ್ಕಿನ ಕೆಲಸ ಬಂತು. ಉಕ್ಕು ಎಷ್ಟು ಗಟ್ಟಿ ಎಂಬುದನ್ನು ತಂದವರು ಡ್ರಾಯಿಂಗಿನ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಬರೆದಿದ್ದರು. ಅಪ್ಪ ನೋಡಲಿಲ್ಲ. ಒಂದು ತೂತು ಕೊರೆಯುವಷ್ಟರಲ್ಲಿ ಡ್ರಿಲ್ ಬಿಟ್ಟಿನ ಮೂತಿ ಸುಟ್ಟು ನೀಲಿಯಾಗುತ್ತಿತ್ತು. ಒಪ್ಪಿದ ಮಾತಿಗೆ ತಪ್ಪಬಾರದೆಂದು ಅಪ್ಪ ಡ್ರಿಲ್ಲಿನ ಮೇಲೆ ಡ್ರಿಲ್ ತಂದ. ಕೆಲಸ ಮುಗಿಯಿತು, ಬಂದ ದುಡ್ಡೆಲ್ಲ ಟೂಲ್ ಅಂಗಡಿಗೆ ಹೋಯಿತು, ಸಾಲದ್ದಕ್ಕೆ ಒಂದು ಲೇತನ್ನೂ ಮಾರಬೇಕಾಯಿತು. ಮಿಶನ್ ಎತ್ತಿಕೊಂಡು ಹೋದ ಮೇಲೆ ನೆಲದಲ್ಲಿ ಉಳಿದ ಬೋಲ್ಟಿನ ತೂತುಗಳನ್ನು ನೋಡುತ್ತಾ ಅಪ್ಪ ನಿಂತಿದ್ದ. ಅವನ ಪಕ್ಕದಲ್ಲಿ ನಿಂತ ಅಕ್ಕ ಅವತ್ತೇ ಪೆನ್ನು ಕೈಗೆ ತೆಗೆದುಕೊಂಡಳು.

"ಟೂಲು ಅಂದ್ರೆ ಸೀಮೆಸುಣ್ಣ ಇದ್ದ ಹಾಗೆ" ಎಂದು ಅವಳು ತಮ್ಮನಿಗೆ ಹೇಳುತ್ತಿದ್ದಳು. "ಬರೆದಷ್ಟೂ ಸವೆಯುತ್ತೆ. ಬೋರ್ಡ್ ಮೇಲೆ ಬರೆಸಿಕೊಂಡವನು ಸೀಮೆಸುಣ್ಣದ ದುಡ್ಡು ಕೊಡಬೇಕೋ ಬೇಡವೋ?"

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರಲ್ಲ, ಹಾಗೆ. ಅಲ್ಲಿಂದ ಮುಂದೆ ಅವಳ ಕೊಟೇಶನ್ ಶುರುವಾಗುವುದೇ ಟೂಲಿನಿಂದ. ಡ್ರಾಯಿಂಗ್ ಬಂದ ಕೂಡಲೇ ತಮ್ಮನನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ಇದಕ್ಕೆ ಎಷ್ಟು ಟಿಪ್ಪು ತಿನ್ನುತ್ತೆ, ಅಂದರೆ ಲೋಹ ಕೊಯ್ಯುವ ಆ ಪುಟ್ಟ ಗಟ್ಟಿ ಬಿಲ್ಲೆಗಳು ಎಷ್ಟು ಬೇಕು. ಡ್ರಿಲ್ ಎಷ್ಟು ತೂತಿಗೆ ಮೊಂಡಾಗುತ್ತೆ. ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಟ್ಯಾಪ್ ಮೊದಲನೇ ಪೀಸಿನಲ್ಲೇ ಮುರಿದರೆ ಯಾರ ತಲೆಗೆ. ಈ ಕೆಲಸಕ್ಕೆಂದೇ ಬೇರೆ ಟೂಲ್ ಬೇಕಾದರೆ ಅದರ ಬೆಲೆಯನ್ನು ಈ ಆರ್ಡರಿನ ಮೇಲೇ ಪೂರ್ತಿ ಹಾಕಬೇಕೋ, ಮುಂದೆ ಬರುವ ಆರ್ಡರುಗಳಿಗೂ ಹಂಚಬೇಕೋ. ತಮ್ಮ ಹಂಚೋಣ ಅನ್ನುತ್ತಿದ್ದ. "ಮುಂದೆ ಆರ್ಡರ್ ಬರುತ್ತೆ ಅಂತ ಯಾವ ದೇವರು ಬಾಂಡ್ ಬರೆದು ಕೊಟ್ಟಿದ್ದಾನೆ?" ಎಂದು ಅಕ್ಕ ಪೂರ್ತಿ ಹಾಕುತ್ತಿದ್ದಳು.

ಟೂಲಿನ ಬೆಲೆಯನ್ನು ನೆನಪಿನಿಂದ ಬರೆಯುವ ಪೈಕಿ ಅಲ್ಲ ಅವಳು. ಪ್ರತಿ ಕೊಟೇಶನ್ನಿಗೂ ಸ್ಕೂಟರ್ ಹತ್ತಿ ಬೀದಿಯ ತುದಿಯಲ್ಲಿರುವ ಟೂಲ್ ಅಂಗಡಿಗೆ ತಾನೇ ಹೋಗಬೇಕು. ಅಂಗಡಿಯ ಯಜಮಾನರು ಅಪ್ಪನ ಸ್ನೇಹಿತರು, ಅವಳು ಮಾವ ಎಂದು ಕರೆಯುತ್ತಿದ್ದಳು. ಮಾವ ಎಂದು ಕರೆದಷ್ಟಕ್ಕೆ ನಂಬಿಬಿಟ್ಟಳು ಅಂತ ತಿಳಿಯಬೇಡಿ. ಇವತ್ತು ಒಂದು ಬೆಲೆ ಹೇಳಿ, ನಾಳೆ ಆರ್ಡರ್ ಸಿಕ್ಕಿದ ಮೇಲೆ ಹೊಸ ಮಾಲು ಅಮ್ಮಾ, ರೇಟು ಹೆಚ್ಚಾಗಿದೆ ಎಂದರೆ? ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಕೊಟೇಶನ್ನಿನಲ್ಲಿ ಯಾವ ಟೂಲುಗಳನ್ನು ಲೆಕ್ಕಕ್ಕೆ ಹಿಡಿದಿದ್ದಾಳೋ ಅಷ್ಟನ್ನೂ ಅವತ್ತೇ ಒಂದು ಟ್ರೇಯಲ್ಲಿ ಎತ್ತಿಡಿಸಿ, ಡಬ್ಬಿಗಳ ಮೇಲೆ ಹಸಿರು ಬಣ್ಣದ ಒಂದೊಂದು ಚುಕ್ಕೆ ಇಡುತ್ತಿದ್ದಳು. ಬೀದಿಯಲ್ಲಿ ಪ್ರತಿ ವರ್ಕ್‌ಶಾಪಿಗೂ ತನ್ನ ಟೂಲುಗಳಿಗೆ ಹಾಕುವ ಬಣ್ಣ ಒಂದಿರುತ್ತದೆ. ಹಸಿರು ಅಂದರೆ ಅಕ್ಕ. ಆರ್ಡರ್ ಸಿಕ್ಕಿದರೆ ಅವತ್ತಿನ ಬೆಲೆಗೇ ಅವು ಅವಳಿಗೆ, ಸಿಗದಿದ್ದರೆ ಮಾವ ಚುಕ್ಕೆ ಒರೆಸಿ ವಾಪಸ್ ಇಟ್ಟುಕೊಳ್ಳುತ್ತಿದ್ದರು.

ಮೊದಮೊದಲು ಮಾವ ಆ ಟ್ರೇಯನ್ನು ಒಳಗಿನ ಕೋಣೆಯಲ್ಲಿ ಇಡುತ್ತಿದ್ದರು. ಅಕ್ಕನಿಗೆ ಸಮಾಧಾನವಾಗಲಿಲ್ಲ.

"ಒಳಗೆ ಬೇಡ ಮಾವ. ಒಳಗಿಟ್ರೆ ಇಲಿ ತಿಂತು ಅಂತೀರಿ. ಎದುರಿನ ಗಾಜಿನ ಕಪಾಟಿನಲ್ಲಿ ಇಡಿ, ಹೋಗ್ತಾ ಬರ್ತಾ ಕಣ್ಣಿಗೆ ಬೀಳ್ತಿರಲಿ."

"ಇಲಿ ಟ್ಯಾಪ್ ತಿನ್ನುತ್ತೇನಮ್ಮಾ?"

"ಎರಡು ಕಾಲಿನ ಇಲಿ ಏನು ಬೇಕಾದ್ರೂ ತಿನ್ನುತ್ತೆ."

ಮಾವ ನಕ್ಕು ಕಪಾಟಿನ ನಡುವಿನ ಹಲಗೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅವಳು ಸ್ಕೂಟರ್ ನಿಧಾನ ಮಾಡಿ, ಇಳಿಯದೆಯೇ ಕತ್ತು ಚಾಚಿ, ಹಸಿರು ಚುಕ್ಕೆಗಳು ಇದ್ದಲ್ಲೇ ಇವೆ ಎಂದು ನೋಡಿಕೊಂಡು ಹೋಗುತ್ತಿದ್ದಳು. ಜಗತ್ತಿನಲ್ಲಿ ಇದೊಂದಾದರೂ ಭದ್ರವಾಗಿದೆ ಎನಿಸುತ್ತಿತ್ತು.

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಎದುರುಗಡೆಯ ಗೇಟಿನಲ್ಲಿ ಹೊಸ ವರ್ಕ್‌ಶಾಪು ತೆರೆದು ಇಸ್ತ್ರಿ ಬಂದ. ಅವನ ನಿಜವಾದ ಹೆಸರು ಯಾರಿಗೆ ಬೇಕು. ಎಣ್ಣೆ, ಗ್ರೀಸು, ಲೋಹದ ಪುಡಿಯ ನಡುವೆ ಇಡೀ ದಿನ ಗೆರೆ ಮುರಿಯದ ಅಂಗಿ ತೊಟ್ಟು ಓಡಾಡುವವನಿಗೆ ಬೀದಿ ಇನ್ನೇನು ಹೆಸರಿಡುತ್ತದೆ. ತಮ್ಮನ ವಯಸ್ಸಿನವನು, ಅವನ ಜೊತೆಗೇ ತರಬೇತಿ ಶಾಲೆಯಲ್ಲಿ ಕಲಿತವನು. ಬಂದು ವರ್ಷ ತುಂಬುವುದರೊಳಗೆ ಅಕ್ಕನ ಕೊಟೇಶನ್ನುಗಳು ಒಂದೊಂದಾಗಿ ಬೀಳತೊಡಗಿದವು. ಬಿದ್ದದ್ದು ದೊಡ್ಡದಲ್ಲ, ಬಿದ್ದ ರೀತಿ. ಪ್ರತಿ ಸಲವೂ ಕೂದಲೆಳೆಯಲ್ಲಿ. ಪಂಪ್ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುವ ಗುಮಾಸ್ತ ಫೋನಿನಲ್ಲಿ ಮರುಕದಿಂದ ಹೇಳುತ್ತಿದ್ದ: "ಸ್ವಲ್ಪದರಲ್ಲಿ ತಪ್ಪಿಹೋಯ್ತು ಅಕ್ಕ. ಎದುರಿನವರದ್ದು ನಿಮ್ಮದಕ್ಕಿಂತ ಒಂದು ಚೂರು ಕಡಿಮೆ."

ಒಂದು ಸಲ ಆದರೆ ಅದೃಷ್ಟ. ಎರಡನೇ ಸಲ ಕಾಕತಾಳೀಯ. ಮತ್ತೆ ಮತ್ತೆ ಒಂದು ಚೂರು ಕಡಿಮೆ ಅಂದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅಕ್ಕ ಕೂತು ಯೋಚಿಸಿದಳು. ಲೋಹದ ಬೆಲೆ ಎಲ್ಲರಿಗೂ ಒಂದೇ. ಮಿಶನ್ನು ಗಂಟೆಗೆಷ್ಟು ಎಂಬುದು ಬೀದಿಯ ನಾಯಿಗೂ ಗೊತ್ತು. ಕೊಟೇಶನ್ನಿನಲ್ಲಿ ಗುಟ್ಟು ಅಂತ ಉಳಿಯುವುದು ಟೂಲ್ ಒಂದೇ. ಯಾವ ಟೂಲ್ ಹಾಕುತ್ತಾಳೆ, ಎಷ್ಟು ಹಾಕುತ್ತಾಳೆ ಎಂದು ಗೊತ್ತಾದವನಿಗೆ ಅವಳ ಕೊನೆಯ ಸಂಖ್ಯೆ ಬಾಯಿಪಾಠ. ಅದು ಯಾರಿಗೆ ಗೊತ್ತು? ಟೂಲ್ ಅಂಗಡಿಯ ಮಾವನ ಮೇಲೆ ಒಂದು ದಿನ ಪೂರ್ತಿ ಅನುಮಾನಪಟ್ಟಳು, ಆಮೇಲೆ ಬಿಟ್ಟಳು. ಯಾವ ಕಾರ್ಖಾನೆಯ ಕೆಲಸ ಎಂದು ಅವರಿಗೆ ಅವಳು ಎಂದೂ ಹೇಳಿದವಳಲ್ಲ, ಡ್ರಾಯಿಂಗ್ ತೋರಿಸಿದವಳಲ್ಲ. ತೋರಿಸಿದರೂ ಅವರಿಗೆ ಅದು ಮಗು ಗೀಚಿದ ಕಾಗದವೇ. ಇನ್ನುಳಿದದ್ದು ತಾನು ಮತ್ತು ತಮ್ಮ.

ಆ ಯೋಚನೆ ಬಂದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಆದರೆ ಅನುಮಾನ ಅನ್ನುವುದು ಅಂಗಿಗೆ ಅಂಟಿದ ಲೋಹದ ಚೂರು. ಕೊಡವಿದಿರೋ, ಒಳಗೆ ಹೋಗಿ ಚುಚ್ಚುತ್ತದೆ.

ಅಲ್ಲಿಂದ ತಮ್ಮ ಏನು ಮಾಡಿದರೂ ಅದಕ್ಕೊಂದು ಅರ್ಥ ಹುಟ್ಟಿತು. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಾನೆ. ಮಿಶನ್ನುಗಳು ಅರಚುವಾಗ ಒಳಗೆ ನಿಂತು ಯಾರು ತಾನೇ ಮಾತಾಡುತ್ತಾರೆ? ಅದು ಅವಳಿಗೆ ಹೊಳೆಯಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಇಸ್ತ್ರಿಯ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದನ್ನು ಕಣ್ಣಾರೆ ಕಂಡಳು. ಇದ್ದದ್ದೇ ಒಂದು ಬೆಂಚು ಅನ್ನುವುದು ಬೇರೆ ಮಾತು. ಅವನ ಮನೆಗೆ ಹೊಸ ಫ್ರಿಜ್ ಬಂತು. ಇಷ್ಟು ವರ್ಷ ಡ್ರಾಯರಿನಿಂದ ಎಷ್ಟು ತೆಗೆದ ಎಂದು ಕೇಳದವಳು ಈಗ ಆ ಫ್ರಿಜ್ಜಿಗೆ ಎಷ್ಟಾಗಿರಬಹುದು ಎಂದು ಅಂಗಡಿಗೆ ಹೋಗಿ ವಿಚಾರಿಸಿ ಬಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ಯಾಕಕ್ಕ, ಈಚೆಗೆ ನನ್ನನ್ನೇ ಹಾಗೆ ನೋಡ್ತೀಯಾ?" ಎಂದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮ ಕೇಳಿದ.

"ನೋಡಬಾರದಾ? ಸಣ್ಣಗಾಗಿದ್ದೀಯಾ ಅಂತ ನೋಡ್ದೆ."

"ದಪ್ಪ ಆಗಿದ್ದೀನಿ ಅಂತ ಮನೆಯಲ್ಲಿ ಬೈತಾಳೆ."

ಅವನು ನಗುತ್ತಾ ತನ್ನ ಡಬ್ಬಿಯ ಪಲ್ಯವನ್ನು ಅವಳ ತಟ್ಟೆಗೆ ಹಾಕಿದ. ಎಷ್ಟು ಸಲೀಸಾಗಿ ನಗುತ್ತಾನೆ ನೋಡು ಎಂದುಕೊಂಡಳು ಅಕ್ಕ. ಪಲ್ಯ ತಿಂದಳು, ರುಚಿ ಹತ್ತಲಿಲ್ಲ.

ಅಷ್ಟರಲ್ಲಿ ಪಂಪ್ ಕಾರ್ಖಾನೆಯಿಂದ ದೊಡ್ಡದೊಂದು ಕೆಲಸದ ಡ್ರಾಯಿಂಗ್ ಬಂತು. ಕಂಚಿನ ಬುಷ್ಷುಗಳು, ಅಂದರೆ ಪಂಪಿನ ದಂಡ ಕೂರುವ ದಪ್ಪ ಬಳೆಗಳು. ಒಳಮೈಯಲ್ಲಿ ಎಣ್ಣೆ ಹರಿಯಲು ಒಂದು ಬಾಗಿದ ಕಾಲುವೆ ಕೊರೆಯಬೇಕು. ಸಿಕ್ಕಿದರೆ ವರ್ಷ ಪೂರ್ತಿ ಎರಡೂ ಲೇತಿಗೆ ಪುರಸೊತ್ತಿಲ್ಲ. ಸಿಗದಿದ್ದರೆ ಒಂದು ಲೇತನ್ನು ಮುಚ್ಚಿಡಬೇಕು, ಅಪ್ಪನ ಕಾಲದಿಂದ ಇರುವ ಕೆಲಸದವರಲ್ಲಿ ಒಬ್ಬರಿಗೆ ಬಾಗಿಲು ತೋರಿಸಬೇಕು. ಆ ಕಾಲುವೆಯನ್ನು ಕೊರೆಯಲು ಎರಡು ದಾರಿಗಳಿದ್ದವು. ಅಂಥ ಆಕಾರಕ್ಕೇ ಮಸೆದು ಸಿದ್ಧವಾಗಿ ಬರುವ ವಿಶೇಷ ಟೂಲ್ ತರುವುದು ಒಂದು, ಅದಕ್ಕೆ ಫಾರ್ಮ್ ಟೂಲ್ ಅನ್ನುತ್ತಾರೆ. ಕೆಲಸ ಬೇಗ, ಬೆಲೆ ಕೈ ಸುಡುತ್ತದೆ. ಇನ್ನೊಂದು, ಬುಷ್ಷನ್ನು ಲೇತಿನಲ್ಲಿ ಎರಡು ಸಲ ಬಿಗಿದು ಹಿಡಿದು, ಮಾಮೂಲಿ ಟಿಪ್ಪಿನಲ್ಲೇ ತಾಳ್ಮೆಯಿಂದ ಕೊರೆಯುವುದು. ಅದು ಅಗ್ಗ, ಆದರೆ ಕೂರಿಸುವ ಕೈ ಚೆನ್ನಾಗಿರಬೇಕು. ತಮ್ಮನ ಕೈ ಇದ್ದುದರಿಂದ ಅಕ್ಕನಿಗೆ ಆ ಚಿಂತೆ ಇರಲಿಲ್ಲ.

ಅವಳು ಬಲೆ ಹಾಕಿದಳು. ತಮ್ಮನನ್ನು ಕರೆದು, ಈ ಸಲ ಫಾರ್ಮ್ ಟೂಲಿನಲ್ಲೇ ಮಾಡೋಣ, ಅದರ ಬೆಲೆಯನ್ನೇ ಕೊಟೇಶನ್ನಿಗೆ ಹಾಕುತ್ತೇನೆ ಎಂದಳು.

"ಅಷ್ಟು ದುಬಾರಿ ಯಾಕಕ್ಕ? ಟಿಪ್ಪಲ್ಲೇ ನಾನು ಮಾಡ್ತೀನಲ್ಲ."

"ನಾನು ಹೇಳಿದಷ್ಟು ಮಾಡು."

ತಮ್ಮ ಮಿಶನ್ ಎಣ್ಣೆ ತರಲು ಟೂಲ್ ಅಂಗಡಿಗೆ ಹೋಗುವವನು, ಕಪಾಟಿನಲ್ಲಿ ಕಾಣದಿದ್ದರೆ ಸುಳ್ಳು ಗೊತ್ತಾಗುತ್ತದೆ ಎಂದು, ಅವಳು ಹೋಗಿ ಆ ದುಬಾರಿ ಫಾರ್ಮ್ ಟೂಲನ್ನು ಎತ್ತಿಡಿಸಿ ಹಸಿರು ಚುಕ್ಕೆ ಇಟ್ಟು ಬಂದಳು. ಆಮೇಲೆ ಒಬ್ಬಳೇ ಕೂತು, ಮಾಮೂಲಿ ಟಿಪ್ಪಿನ ಲೆಕ್ಕದಲ್ಲಿ ಕೊಟೇಶನ್ ಬರೆದು, ಲಕೋಟೆ ಅಂಟಿಸಿ, ಯಾರ ಕೈಗೂ ಕೊಡದೆ ಕಾರ್ಖಾನೆಗೆ ತಾನೇ ಒಯ್ದು ಕೊಟ್ಟಳು.

ಆರ್ಡರ್ ಅವಳಿಗೇ ಸಿಕ್ಕಿತು. ಸುದ್ದಿ ಹೇಳಿದ ಗುಮಾಸ್ತನನ್ನು ಅವಳು ಬೇರೇನೂ ಕೇಳಲಿಲ್ಲ. "ಎದುರಿನವನದ್ದು ಎಷ್ಟಿತ್ತು, ಅದೊಂದು ಹೇಳಿ." ಅವನು ಹೇಳಿದ. ಅಕ್ಕ ಫಾರ್ಮ್ ಟೂಲ್ ಹಾಕಿದ್ದರೆ ಎಷ್ಟಾಗುತ್ತಿತ್ತೋ ಅದಕ್ಕಿಂತ ಒಂದು ಚೂರು ಕಡಿಮೆ.

ಅವಳು ಫೋನ್ ಇಟ್ಟಳು. ವರ್ಷದ ಕೆಲಸ ಸಿಕ್ಕಿದ ಸಂತೋಷ ಒಂದು ಕಡೆ, ಕಳ್ಳ ಸಿಕ್ಕಿದ ಸಂಕಟ ಇನ್ನೊಂದು ಕಡೆ. ತನ್ನ ಅನುಮಾನ ಸುಳ್ಳಾಗಲಿ ಎಂದು ಜೀವನದಲ್ಲಿ ಮೊದಲ ಸಲ ಅವಳು ಬೇಡಿಕೊಂಡಿದ್ದಳು. ಸುಳ್ಳಾಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಒಂದು ರಾತ್ರಿ ಮಲಗಿ ಎದ್ದು ಮಾತಾಡಬಹುದಿತ್ತು. ಮನೆಗೆ ಕರೆದು ಬಾಗಿಲು ಹಾಕಿಕೊಂಡು ಕೇಳಬಹುದಿತ್ತು. ಅದ್ಯಾವುದನ್ನೂ ಮಾಡದೆ ಕೆಲಸದವರೆಲ್ಲ ಇರುವಾಗಲೇ ನೇರವಾಗಿ ಲೇತಿನ ಹತ್ತಿರ ಹೋದಳು, ಆ ಹೆಂಗಸು.

"ನನ್ನ ಅನ್ನ ತಿಂದು ಅವನ ಒಲೆಗೆ ಸೌದೆ ಹಾಕ್ತೀಯಾ?"

ತಮ್ಮನಿಗೆ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ, ಜೋರಾಗಿ ಹೇಳಿದಳು. ಅವನು ಮಿಶನ್ ನಿಲ್ಲಿಸಿದ. ಉಳಿದ ಮಿಶನ್ನುಗಳೂ ಒಂದರ ಹಿಂದೆ ಒಂದು ನಿಂತವು.

"ಏನಾಯ್ತಕ್ಕ?"

"ಏನಾಯ್ತು ಅಂತ ನನ್ನನ್ನ ಕೇಳ್ಬೇಡ. ಫಾರ್ಮ್ ಟೂಲ್ ವಿಷಯ ನಿನಗೆ ಬಿಟ್ಟು ಇನ್ಯಾರಿಗೂ ಹೇಳಿರಲಿಲ್ಲ. ಇಸ್ತ್ರಿ ಅದೇ ಲೆಕ್ಕಕ್ಕೆ ಕೊಟೇಶನ್ ಹಾಕಿದಾನೆ. ಎಷ್ಟು ದಿನದಿಂದ ನಡೀತಿದೆ ಇದು? ಫ್ರಿಜ್ ಅವನು ಕೊಡಿಸಿದ್ದಾ?"

ತಮ್ಮ ಹತ್ತಿ ತೆಗೆದುಕೊಂಡು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ನಾನು ಹೇಳಿಲ್ಲ."

"ಇನ್ಯಾರು ಹೇಳಿದ್ರು? ಗೋಡೆ ಹೇಳ್ತಾ?"

"ನಾನು ಹೇಳಿಲ್ಲ ಅಕ್ಕ" ಎಂದ ಅವನು ಇನ್ನೊಮ್ಮೆ. ಅವಳ ಮುಖ ಬದಲಾಗಲಿಲ್ಲ. "ನೀನು ಯಾರನ್ನೂ ನಂಬಲ್ಲ ಅಂತ ಗೊತ್ತಿತ್ತು. ಆ ಯಾರೂ ಅನ್ನೋದರಲ್ಲಿ ನಾನೂ ಇದೀನಿ ಅಂತ ಗೊತ್ತಿರಲಿಲ್ಲ."

ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಕೂಗಾಡಲಿಲ್ಲ. ತಪ್ಪಿಲ್ಲದವನಾಗಿದ್ದರೆ ಕೂಗಾಡುತ್ತಿರಲಿಲ್ಲವೇ ಎಂದುಕೊಂಡಳು ಅಕ್ಕ. ಕೂಗಾಡಿದ್ದರೆ, ಕಳ್ಳನಿಗೆ ಬಾಯಿ ಜಾಸ್ತಿ ಅನ್ನುತ್ತಿದ್ದಳು. ಇಂಥವರ ಎದುರಿಗೆ ಮನುಷ್ಯ ಹೇಗೆ ನಿಂತರೆ ಸರಿ, ನೀವೇ ಹೇಳಿ.

ಎರಡು ದಿನ ತಮ್ಮನ ಲೇತ್ ಹಾಗೇ ನಿಂತಿತ್ತು. ಉಳಿದವರು ಅವಳ ಕಡೆ ನೋಡದೆ ಕೆಲಸ ಮಾಡಿದರು. ಮೂರನೆಯ ಬೆಳಿಗ್ಗೆ ಅಕ್ಕ, ಬೇಡವಾದ ಆ ಫಾರ್ಮ್ ಟೂಲಿನ ಚುಕ್ಕೆ ಒರೆಸಲು ಹೇಳಿ ಟಿಪ್ಪುಗಳನ್ನು ತರೋಣವೆಂದು ಟೂಲ್ ಅಂಗಡಿಗೆ ಹೋದಳು.

ಅಲ್ಲಿ ಗಾಜಿನ ಕಪಾಟಿನ ಮುಂದೆ ಇಸ್ತ್ರಿ ಕುಕ್ಕರಗಾಲಿನಲ್ಲಿ ಕೂತಿದ್ದ. ಪ್ಯಾಂಟಿನ ಗೆರೆ ಮುರಿಯದ ಹಾಗೆ ಮಂಡಿಯ ಹತ್ತಿರ ಚಿವುಟಿ ಹಿಡಿದುಕೊಂಡು, ನಡುವಿನ ಹಲಗೆಯ ಹಸಿರು ಚುಕ್ಕೆಗಳನ್ನು ಪೇಪರ್ ಓದುವಂತೆ ಓದುತ್ತಿದ್ದ. ಅವಳನ್ನು ಕಂಡು ಎದ್ದ. ನಾಚಿಕೆಯೇನೂ ಪಡಲಿಲ್ಲ.

"ಅಕ್ಕ, ಈ ಸಲ ನನ್ನ ಕಾಲು ಎಳೆದುಬಿಟ್ರಲ್ಲ. ಫಾರ್ಮ್ ಟೂಲ್ ಇಲ್ಲಿಟ್ಟು, ಟಿಪ್ಪಿನ ಲೆಕ್ಕದಲ್ಲಿ ಕೊಟೇಶನ್ ಹಾಕೋದಾ?"

ಅಕ್ಕ ಕಪಾಟನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಇಲ್ಲಿ ನೋಡ್ಕೊಂಡಾ ನೀನು..."

"ಇನ್ನೆಲ್ಲಿ? ನಿಮಗೆ ಬರೋ ಡ್ರಾಯಿಂಗೇ ನನಗೂ ಬರುತ್ತೆ. ಇಲ್ಲಿ ಬಂದು ನಿಂತ್ರೆ ಅಕ್ಕ ಯಾವ ಟೂಲ್ ಹಾಕ್ತಾರೆ, ಎಷ್ಟು ಹಾಕ್ತಾರೆ ಎಲ್ಲ ಕಾಣುತ್ತೆ. ಬೆಲೆ ಬೇಕಾದ್ರೆ ಇವರು ನನಗೂ ಹೇಳ್ತಾರೆ. ಕೂಡಿಸೋದು ಕಷ್ಟನಾ? ನಿಜ ಹೇಳ್ಬೇಕಂದ್ರೆ ಕೊಟೇಶನ್ ಹಾಕೋದನ್ನ ನಾನು ಕಲಿತಿದ್ದೇ ಈ ಕಪಾಟಿನ ಮುಂದೆ."

"ನನ್ನ ತಮ್ಮ ನಿನಗೆ ಏನೂ ಹೇಳಿಲ್ವಾ?"

"ನಿಮ್ಮ ತಮ್ಮನಾ?" ಇಸ್ತ್ರಿ ನಕ್ಕ. "ಎಷ್ಟು ಟೀ ಕುಡಿಸಿದೀನಿ ಅವನಿಗೆ. ಮಗಳ ಹಲ್ಲು ಬಿದ್ದಿದ್ದು, ಮಗಳು ಹಾಡಿದ್ದು, ಅಷ್ಟೇ. ಕೆಲಸದ ಮಾತು ಎತ್ತಿದ್ರೆ ಅಕ್ಕನ್ನ ಕೇಳು ಅಂತಾನೆ."

ಅಕ್ಕ ಮಾವನ ಕಡೆ ತಿರುಗಿದಳು. ಅವರು ಕನ್ನಡಕ ಸರಿಮಾಡಿಕೊಂಡರು. "ಎದುರಿಗೇ ಇಡಿ ಅಂತ ನೀನೇ ಹೇಳಿದ್ದಲ್ಲಮ್ಮಾ. ಬಂದವರು ನೋಡಬಾರದು ಅಂತ ನೀನು ಹೇಳಿರಲಿಲ್ಲ."

ಯಾರೂ ಕದಿಯಬಾರದೆಂದು ಅವಳು ಇಟ್ಟ ಕಾವಲೇ ಬೀದಿಗೆಲ್ಲ ಅವಳ ಲೆಕ್ಕವನ್ನು ಡಂಗುರ ಹೊಡೆದಿತ್ತು. ಅವಳು ಕಪಾಟಿನ ಮುಂದೆ ನಿಂತು ನೋಡಿದಳು. ನಿಜ, ಒಂದು ನೋಟಕ್ಕೆ ಎಲ್ಲ ತಿಳಿಯುತ್ತಿತ್ತು. ಟಿಪ್ಪು ತೆಗೆದುಕೊಳ್ಳುವುದನ್ನೂ ಮರೆತು ಹೊರಗೆ ಬಂದಳು. ಸ್ಕೂಟರ್ ಹತ್ತಲು ಆಗಲಿಲ್ಲ, ತಳ್ಳಿಕೊಂಡು ಹಿಂದಿನ ಬೀದಿಗೆ ನಡೆದಳು.

ಬಾಗಿಲು ತೆಗೆದದ್ದು ತಮ್ಮನ ಹೆಂಡತಿ. "ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದಳು. ಈ ಮನೆಯಲ್ಲಿ ಅಕ್ಕನಿಗೆ ಕೂತ್ಕೊಳ್ಳಿ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ, ನೇರ ಅಡುಗೆಮನೆಗೆ ಹೋಗಿ ನೀರು ಕುಡಿಯುವವಳು. ಎದುರಿಗೇ ಫ್ರಿಜ್ ನಿಂತಿತ್ತು. ಅದರ ಕಡೆ ನೋಡಬಾರದೆಂದು ಅಕ್ಕ ಗೋಡೆಯನ್ನು ನೋಡುತ್ತಾ ಕೂತಳು.

ತಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ.

"ನಂದು ತಪ್ಪಾಯ್ತು ಕಣೋ" ಎಂದಳು. ಕಪಾಟಿನ ಕಥೆಯನ್ನೆಲ್ಲ ಹೇಳಿದಳು, ಇಸ್ತ್ರಿ ಆಡಿದ್ದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. ಅವನ ಮದುವೆಯ ದಿನ ಬಿಟ್ಟರೆ ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ.

ತಮ್ಮ ಎಲ್ಲ ಕೇಳಿಸಿಕೊಂಡ. "ಅಂದ್ರೆ ನಾನು ಹೇಳಿಲ್ಲ ಅಂತ ಎರಡು ಸಲ ಹೇಳಿದಾಗ ನಂಬಲಿಲ್ಲ. ಇಸ್ತ್ರಿ ಒಂದು ಸಲ ಹೇಳಿದ್ದಕ್ಕೆ ನಂಬಿದ್ರಿ."

ನಂಬಿದ್ರಿ. ಆ ಬಹುವಚನ ಅವಳ ಕಿವಿಗೆ ಬಿತ್ತು.

"ಏನೋ ಇದು, ನನಗೆ ಬಹುವಚನ?"

"ಸೋಮವಾರ ಬರ್ತೀನಿ. ಆ ಬುಷ್ಷು ಎರಡು ಸಲ ಹಿಡಿದು ಕೊರಿಯೋದು ಬೇರೆಯವರ ಕೈಲಿ ಆಗಲ್ಲ, ಒಪ್ಪಿದ ಕೆಲಸ ನಿಲ್ಲಬಾರದು. ಅಪ್ಪನ ಮಾತು ಅದು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇರಬಾರದಿತ್ತೇ ಎನಿಸಿತು ಅವಳಿಗೆ. "ಆದ್ರೆ ಸಂಬಳಕ್ಕೆ ಬರ್ತೀನಿ. ಡ್ರಾಯರಿಗೆ ಕೈ ಹಾಕಲ್ಲ. ಬೀಗದ ಕೈ ನಿಮ್ಮ ಹತ್ರಾನೇ ಇರಲಿ."

"ಹಾಗೆಲ್ಲ ಅನ್ಬೇಡ್ವೋ. ಇನ್ಮೇಲೆ ನಿನ್ನ ಮೇಲೆ ಅನುಮಾನ ಪಟ್ರೆ ಕೇಳು."

"ಆಯ್ತು" ಎಂದ.

ಸೋಮವಾರ ಎಲ್ಲರಂತೆ ಬಂದ, ಎಲ್ಲರಂತೆ ಹಾಜರಿ ಹಾಕಿದ. ಬುಷ್ಷನ್ನು ಹಿಡಿದು, ತಿರುಗಿಸಿ ಹಿಡಿದು, ಕಾಲುವೆ ಕೊರೆದು ತೋರಿಸಿದ, ಕನ್ನಡಿಯಂತೆ ಬಂದಿತ್ತು. ಅಕ್ಕನ ಎದೆ ಹಗುರವಾಯಿತು. ಅವತ್ತು ಅವಳು ಬೇಕೆಂದೇ ಅವನ ಮಿಶನ್ನಿನ ಕಡೆ ತಿರುಗಿ ನೋಡದೆ ಕೂತಿದ್ದಳು. ಫೋನ್ ಬಂದು ಅವನು ಹೊರಗೆ ಹೋದಾಗಲೂ ತಲೆ ಎತ್ತಲಿಲ್ಲ. ನಾನು ಬದಲಾಗಬಲ್ಲೆ, ದಿನ ಕಳೆದರೆ ಅವನೂ ಮರೆಯುತ್ತಾನೆ ಎಂದುಕೊಂಡಳು.

ಕೆಲಸ ಬಿಡುವ ಹೊತ್ತಿಗೆ ಉಳಿದವರೆಲ್ಲ ಹೋದರು. ತಮ್ಮ ಕೈಕಾಲು ತೊಳೆದು, ಅಂಗಿ ಬದಲಿಸಿ, ಅವಳ ಮೇಜಿನ ಹತ್ತಿರ ಬಂದು ನಿಂತ. ಹೆಗಲಿನ ಚೀಲವನ್ನು ಇಳಿಸಿ ಮೇಜಿನ ಮೇಲಿಟ್ಟು ಜಿಪ್ ಎಳೆದು ಬಾಯಿ ಅಗಲಿಸಿದ. ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಕೂಲಿಯವರು ಕಾವಲುಗಾರನ ಮುಂದೆ ಮಾಡುವಂತೆ.

"ನೋಡ್ಕೊಳ್ಳಿ" ಎಂದ.

"ಮುಚ್ಚೋ ಅದನ್ನ. ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳಿಲ್ಲ. ನಾನಾಗೇ ತೋರಿಸ್ತಿದ್ದೀನಿ. ನೀವು ಬೇಡ ಅಂದ್ರೆ ಮುಚ್ತೀನಿ."

"ಬೇಡ ಅಂದೆನಲ್ಲ" ಎಂದಳು ಅಕ್ಕ. ಮನಸಾರೆ ಹೇಳಿದಳು, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಬಾಯಿ ಬೇಡ ಅನ್ನುತ್ತಿರುವಾಗಲೇ ಕಣ್ಣು ತಾನಾಗಿ ಚೀಲದೊಳಗೆ ಇಳಿದಿತ್ತು. ಖಾಲಿ ಡಬ್ಬಿ, ನೀರಿನ ಬಾಟಲಿ, ಒದ್ದೆ ಟವಲ್ಲು, ಅದರ ಕೆಳಗೆ ಏನೋ ಉಬ್ಬಿಕೊಂಡಿತ್ತು. ಏನದು ಎಂದು ಕಣ್ಣು ಅಲ್ಲೇ ಒಂದು ಗಳಿಗೆ ನಿಂತಿತು. ಅವಳು ತಲೆ ಎತ್ತಿದಾಗ ತಮ್ಮ ಅವಳ ಕಣ್ಣನ್ನೇ ನೋಡುತ್ತಿದ್ದ.

ಅವನು ಟವಲ್ಲನ್ನು ಎತ್ತಿ ತೋರಿಸಿದ. ಮಗಳಿಗೆ ತೆಗೆದುಕೊಂಡಿದ್ದ ಒಂದು ರಬ್ಬರ್ ಚೆಂಡು. ಮತ್ತೆ ಟವಲ್ ಮುಚ್ಚಿ, ಜಿಪ್ ಎಳೆದು, ಚೀಲವನ್ನು ಹೆಗಲಿಗೆ ಹಾಕಿಕೊಂಡ.

"ಬರ್ತೀನಿ ಮೇಡಂ" ಎಂದು ಹೇಳಿ ಹೋದ.